ಮನೆಯೊಳಗೆ ಮಗುವಿಗೊಂದು ಮೂಲೆ

ಮನೆ ಕಟ್ಟುವಾಗ ಅತಿಥಿಗಳಿಗೆ ಹಾಲ್ ಎಷ್ಟು ದೊಡ್ಡದಿರಬೇಕು, ಅಡುಗೆ ಮನೆಯ ಕಟ್ಟೆ ಎಷ್ಟು ಎತ್ತರವಿರಬೇಕು ಎಂದೆಲ್ಲ ಯೋಚಿಸುತ್ತೇವೆ. ಆದರೆ ದಿನದ ಹೆಚ್ಚಿನ ಹೊತ್ತನ್ನು ಮನೆಯೊಳಗೇ ಕಳೆಯುವ ಎರಡು-ಮೂರು ವರ್ಷದ ಮಗುವಿನ ಜಾಗ ಎಲ್ಲಿ? ಕಪಾಟು ಅದರ ಕೈಗೆ ಎಟುಕುವುದಿಲ್ಲ. ಶೋಕೇಸಿನ ಬೊಂಬೆಯನ್ನು ಮುಟ್ಟಿದರೆ ಗದರಿಕೆ. ಕೊನೆಗೆ ಅಳು ನಿಲ್ಲಿಸಲು ಟಿ.ವಿ. ಹಚ್ಚುತ್ತೇವೆ, ಇಲ್ಲವೇ ಮೊಬೈಲ್ ಕೊಡುತ್ತೇವೆ. ಮಗು ಹಠಮಾರಿಯೆಂದು ದೂರುವ ಮೊದಲು, ಅದು ತಾನಾಗಿ ಏನನ್ನಾದರೂ ಮಾಡಲು ಮನೆಯಲ್ಲಿ ಅವಕಾಶವಿದೆಯೇ ಎಂದು ನೋಡಬೇಡವೇ?

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ 'ಮಕ್ಕಳ ಮನೆ'ಯನ್ನು ತೆರೆದರು. ಹೆತ್ತವರು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರಿಲ್ಲದೆ ಉಳಿಯುತ್ತಿದ್ದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಆಕೆ ಮಕ್ಕಳ ಅಳತೆಗೆ ತಕ್ಕ ಮೇಜು ಕುರ್ಚಿಗಳನ್ನೂ ಅವರ ಕೈಗೆಟುಕುವ ತಗ್ಗಾದ ಕಪಾಟುಗಳನ್ನೂ ಮಾಡಿಸಿದರು. ಮಕ್ಕಳು ತಮಗೆ ಬೇಕಾದುದನ್ನು ತಾವೇ ಎತ್ತಿಕೊಂಡು, ಮುಗಿದ ಮೇಲೆ ತಾವೇ ಸ್ವಸ್ಥಾನದಲ್ಲಿ ಇಡತೊಡಗಿದರು. 1939ರಲ್ಲಿ ಭಾರತಕ್ಕೆ ಬಂದ ಆಕೆ ಮದರಾಸಿನ ಅಡ್ಯಾರಿನಲ್ಲಿ ನಮ್ಮ ಶಿಕ್ಷಕರಿಗೂ ತರಬೇತಿ ನೀಡಿದರು. ಈ ಅನುಭವದಿಂದ ನಾವು ಮನೆಗೆ ತರಬಹುದಾದ ಪಾಠ ಒಂದೇ: ಮಗುವಿನ ವಸ್ತು ಮಗುವಿನ ಎತ್ತರದಲ್ಲಿರಲಿ.

ಜಾಗ ಎಲ್ಲಿ?

ಇದಕ್ಕೆ ಪ್ರತ್ಯೇಕ ಕೋಣೆ ಬೇಕಿಲ್ಲ. ಬಾಡಿಗೆ ಮನೆಯಾದರೂ ಹಾಲ್‌ನ ಒಂದು ಮೂಲೆ, ಒಂದು ಚಾಪೆ ಸಾಕು. ನೀವು ಕೆಲಸ ಮಾಡುವಲ್ಲಿಂದ ಆ ಮೂಲೆ ಕಾಣುವಂತಿರಲಿ. ತಾಯಿ ಕಾಣಿಸದ ಕೋಣೆಯಲ್ಲಿ ಪುಟ್ಟ ಮಗು ಹೆಚ್ಚು ಹೊತ್ತು ಆಡುವುದಿಲ್ಲ. ಚಾಪೆಯ ಸುತ್ತ ಓಡಾಡಲು ಒಂದಿಷ್ಟು ನೆಲ ಖಾಲಿ ಬಿಡಿ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಮೈಯಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎರಡು ವರ್ಷ ತುಂಬುವವರೆಗೆ ಟಿ.ವಿ., ಮೊಬೈಲ್ ಬೇಡ, ಆಮೇಲೆ ನಾಲ್ಕು ವರ್ಷದವರೆಗೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದೂ ಅದರದೇ ಸಲಹೆ. ಮಳೆಗಾಲದಲ್ಲಿ ಹೊರಗೆ ಬಿಡಲಾಗದ ದಿನಗಳಲ್ಲಿ ನೆಲದ ಮೇಲೆ ನಾಲ್ಕು ದಿಂಬುಗಳನ್ನು ಸಾಲಾಗಿಟ್ಟರೆ, ದಾಟುವುದೇ ಅದಕ್ಕೊಂದು ಆಟ.

ಆಟಿಕೆಗಳು ಕಡಿಮೆಯಿರಲಿ

ಗಲ್ಫ್‌ನಿಂದ ಬಂದ ಮಾವ, ಹಬ್ಬಕ್ಕೆ ಬಂದ ಚಿಕ್ಕಮ್ಮ ಕೊಟ್ಟ ಆಟಿಕೆಗಳೆಲ್ಲ ಒಂದೇ ಬುಟ್ಟಿಯಲ್ಲಿ ತುಂಬಿದ್ದರೆ ಮಗು ಬುಟ್ಟಿಯನ್ನು ಸುರಿದು ಎದ್ದು ಹೋಗುತ್ತದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳಿಗೆ ಒಮ್ಮೆ 16, ಇನ್ನೊಮ್ಮೆ ನಾಲ್ಕೇ ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರಲ್ಲೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆದ್ದರಿಂದ ನಾಲ್ಕೈದನ್ನು ಹೊರಗಿಟ್ಟು ಉಳಿದುದನ್ನು ಎತ್ತಿಡಿ. ವಾರಕ್ಕೊಮ್ಮೆ ಬದಲಿಸಿ. ಹಳೆಯದು ಮತ್ತೆ ಹೊಸದಾಗುತ್ತದೆ.

ದುಬಾರಿ ಆಟಿಕೆಯೇ ಆಗಬೇಕೆಂದಿಲ್ಲ. ಸ್ಟೀಲ್ ಲೋಟ, ಮರದ ಸೌಟು, ರಟ್ಟಿನ ಪೆಟ್ಟಿಗೆಗಳಲ್ಲೂ ಮಗು ಮೈಮರೆಯುತ್ತದೆ. ಕೊಳ್ಳುವುದಾದರೆ ಚನ್ನಪಟ್ಟಣದ ಅರಗು ಬಣ್ಣದ ಮರದ ಆಟಿಕೆಗಳಿವೆ. ಅಲ್ಲಿನ ಎಷ್ಟೋ ಮುಸ್ಲಿಮ್ ಕುಟುಂಬಗಳು ತಲೆಮಾರುಗಳಿಂದ ಈ ಕಸುಬನ್ನು ನಡೆಸಿಕೊಂಡು ಬಂದಿವೆ. ಕಾರ್ಖಾನೆಯ ಆಟಿಕೆಯಾದರೆ ಐ.ಎಸ್.ಐ. ಗುರುತನ್ನು ನೋಡಿ ಕೊಳ್ಳಿ. 2021ರ ಜನವರಿಯಿಂದ ಅದು ಕಡ್ಡಾಯವಾಗಿದೆ.

ಓದುವ ಮೂಲೆ

ಓದಲು ಬಾರದ ಮಗುವಿಗೆ ಪುಸ್ತಕವೇಕೆ ಎನ್ನಬೇಡಿ. ಅದು ಚಿತ್ರವನ್ನು ಓದುತ್ತದೆ. ಪುಸ್ತಕಗಳನ್ನು ಬೆನ್ನು ಕಾಣುವಂತೆ ಒತ್ತಾಗಿ ಜೋಡಿಸದೆ ಮುಖಪುಟ ಕಾಣುವಂತೆ ಒರಗಿಸಿಡಿ. ಕಿಟಕಿಯ ಬೆಳಕು ಬೀಳುವಲ್ಲಿ ಒಂದು ದಿಂಬು, ಐದಾರು ಪುಸ್ತಕ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡದ ಚಿತ್ರಪುಸ್ತಕಗಳನ್ನು ತರುತ್ತಿದೆ. ಮನೆಮಾತು ಬ್ಯಾರಿ, ಉರ್ದು, ನವಾಯತಿ ಯಾವುದೇ ಇರಲಿ, ಚಿತ್ರ ತೋರಿಸುತ್ತಾ ಆ ಮಾತಿನಲ್ಲೇ ಕಥೆ ಹೇಳಿ. ಅಕ್ಷರ ಬಾರದ ಅಜ್ಜಿಯೂ ಇದನ್ನು ಚೆನ್ನಾಗಿ ಮಾಡಬಲ್ಲರು. ಪುಟ ಹರಿದರೆ ಹೊಡೆಯಬೇಡಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಟಿಸಿ.

ಅಪಾಯಗಳ ಬಗ್ಗೆ ಎಚ್ಚರ

ನೀವೇ ನೆಲದ ಮೇಲೆ ಕುಳಿತು, ಮಗುವಿನ ಎತ್ತರದಿಂದ ಆ ಮೂಲೆಯನ್ನೊಮ್ಮೆ ನೋಡಿ. ಕೈಗೆಟುಕುವ ಪ್ಲಗ್, ನೇತಾಡುವ ವಯರು, ಎಳೆದರೆ ಬೀಳುವ ಕಪಾಟು ಆಗ ಕಣ್ಣಿಗೆ ಬೀಳುತ್ತವೆ. ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ಕಿಟಕಿಯ ಕೆಳಗೆ ಹತ್ತಬಹುದಾದ ಯಾವುದನ್ನೂ ಇಡಬೇಡಿ. ಮಣಿ, ಗೋಲಿ, ಗುಂಡಿಗಳು ಮೂರು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಸಣ್ಣ ರಿಮೋಟು, ಹಾಡುವ ಆಟಿಕೆಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಇನ್ನೂ ಅಪಾಯಕಾರಿ. ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಸುಡಬಲ್ಲದು. ನುಂಗಿದ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಮೂಲೆ ಸಿದ್ಧವಾದ ಮೇಲೆ ದಿನಕ್ಕೆ ಕಾಲು ಗಂಟೆ ಮೊಬೈಲ್ ಬದಿಗಿಟ್ಟು ನೀವೂ ಅಲ್ಲಿ ಕುಳಿತುಕೊಳ್ಳಿ. ಮಗುವಿನ ತಂದೆಯನ್ನೂ ಕೂರಿಸಿ. ಸಂಜೆ ಆಟಿಕೆಗಳನ್ನು ಎತ್ತಿಡುವಾಗ ಮಗುವನ್ನೂ ಸೇರಿಸಿಕೊಳ್ಳಿ. ಮೊದಮೊದಲು ಅದು ಒಂದನ್ನಷ್ಟೇ ಇಟ್ಟೀತು. ಅವಸರಪಡಿಸದಿದ್ದರೆ ಕೆಲವು ವಾರಗಳಲ್ಲಿ ಉಳಿದುದನ್ನೂ ಇಡಲು ಕಲಿಯುತ್ತದೆ.