ಹಬೆಗೆ ಮಣಿಯುವ ಅಕ್ರಿಲಿಕ್ ಶಾಲು

ಕ್ರೋಶಾ ಕಡ್ಡಿಯಿಂದ ಹೆಣೆದ ಅಕ್ರಿಲಿಕ್ ಶಾಲು ಹೆಗಲಿನ ಮೇಲೆ ಇಳಿಬೀಳದೆ ಸೆಟೆದು ನಿಲ್ಲುವುದಕ್ಕೆ ಹೆಣೆದವರ ಕೈಬಿಗಿಯೊಂದೇ ಕಾರಣವಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆದು ಬಿಗಿಯುತ್ತ ಸಾಗುವ ಈ ಹೆಣಿಗೆಯಲ್ಲಿ ದಾರದ ಪ್ರತಿಯೊಂದು ಬಾಗೂ ಮತ್ತೆ ನೆಟ್ಟಗಾಗಲು ಹವಣಿಸುತ್ತ ಪಕ್ಕದ ಎಳೆಗಳನ್ನು ಒತ್ತುತ್ತಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚಿ, ಎಳೆಗಳು ಒಂದರ ಮೇಲೊಂದು ಜಾರಲಾರದೆ, ಇಡೀ ಬಟ್ಟೆ ಬಾಗಲು ಒಪ್ಪುವುದಿಲ್ಲ. ಬಟ್ಟೆಯು ತನ್ನ ಭಾರದಿಂದಲೇ ನೆರಿಗೆಗಟ್ಟಿ ಇಳಿಯುವ ಗುಣಕ್ಕೆ ಜವಳಿ ತಂತ್ರಜ್ಞರು ಡ್ರೇಪ್ ಎನ್ನುತ್ತಾರೆ. ಬಟ್ಟೆಯ ಮೆದು-ಬಿರುಸುಗಳನ್ನು ಮುಟ್ಟಿ ಹೇಳುವ ಬದಲು ಅಳೆದೇ ಹೇಳಬಹುದೆಂದು 1930ರಲ್ಲಿ ಜವಳಿ ಸಂಶೋಧಕ ಎಫ್. ಟಿ. ಪಿಯರ್ಸ್ ತೋರಿಸಿಕೊಟ್ಟರೆ, ಡ್ರೇಪ್ ಎಂಬುದು ಬಾಗುವಿಕೆಗೆ ಮಾತ್ರವಲ್ಲದೆ ಓರೆಯಾಗಿ ಸರಿಯುವಿಕೆಗೂ ಬಟ್ಟೆ ಒಡ್ಡುವ ಪ್ರತಿರೋಧವನ್ನು ಅವಲಂಬಿಸಿದೆ ಎಂಬುದನ್ನು ಇನ್ನೊಬ್ಬ ಸಂಶೋಧಕ ಕ್ಯೂಸಿಕ್ 1960ರ ದಶಕದಲ್ಲಿ ವಿವರಿಸಿದರು.

ಕುರಿಯ ಉಣ್ಣೆಯ ಶಾಲಾಗಿದ್ದರೆ ಈ ಬಿಗಿತವನ್ನು ಸಡಿಲಿಸಲು ನೀರೇ ಸಾಕಾಗುತ್ತಿತ್ತು. ಉಣ್ಣೆಯ ಕೆರಾಟಿನ್ ಪ್ರೋಟೀನು ತೇವವನ್ನು ಧಾರಾಳವಾಗಿ ಹೀರಿಕೊಳ್ಳುತ್ತದೆ. ಆಗ ಅದರ ಸರಪಳಿಗಳ ನಡುವಿನ ಜಲಜನಕ ಬಂಧಗಳು ಕಳಚಿ, ಹರಡಿ ಒಣಗಿಸಿದ ಆಕಾರದಲ್ಲಿಯೇ ಮತ್ತೆ ಕೂಡಿಕೊಳ್ಳುತ್ತವೆ. ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರಾಟವಾಗುವ ಅಗ್ಗದ ದಾರ ಬಹುಮಟ್ಟಿಗೆ ಅಕ್ರಿಲಿಕ್ ಆಗಿದ್ದು, ಅದಕ್ಕೆ ಈ ಉಪಚಾರ ನಾಟುವುದಿಲ್ಲ. ಅಮೆರಿಕದ ಡುಪಾಂಟ್ ಕಂಪನಿ 1950ರಲ್ಲಿ ಓರ್ಲಾನ್ ಎಂಬ ಹೆಸರಿನಲ್ಲಿ ವಾಣಿಜ್ಯ ಉತ್ಪಾದನೆಗೆ ತಂದ ಈ ನೂಲಿನಲ್ಲಿ ಅಕ್ರಿಲೋನೈಟ್ರೈಲ್ ಅಣುಗಳು ಉದ್ದನೆಯ ಸರಪಳಿಗಳಾಗಿ ಜೋಡಣೆಗೊಂಡಿದ್ದು, ಸಾಮಾನ್ಯ ಹವೆಯಲ್ಲಿ ಅದು ತನ್ನ ತೂಕದ ಶೇಕಡ 1ರಿಂದ 2ರಷ್ಟು ತೇವವನ್ನು ಮಾತ್ರ ಹಿಡಿದುಕೊಳ್ಳುತ್ತದೆ. ನೆನೆಸಿ, ಹಿಂಡಿ, ಒಣಗಿಸಿದ ಅಕ್ರಿಲಿಕ್ ಶಾಲು ಮರುದಿನ ಮತ್ತೆ ಸೆಟೆದುಕೊಳ್ಳುವುದು ಇದರಿಂದಲೇ.

ಅಕ್ರಿಲಿಕ್ಕನ್ನು ಮಣಿಸಬೇಕಾದರೆ ಅದರ ಗಾಜು-ಸ್ಥಿತ್ಯಂತರ ತಾಪವನ್ನು, ಎಂದರೆ ಗಾಜಿನಂತೆ ಬಿಗಿದು ನಿಂತ ಅಣುಸರಪಳಿಗಳು ಕರಗದೆಯೇ ಅಲುಗಾಡತೊಡಗುವ ತಾಪಮಟ್ಟವನ್ನು, ದಾಟಬೇಕು. ಒಣಗಿದ ಎಳೆಯಲ್ಲಿ ಇದು ಸುಮಾರು 85ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ; ತೇವ ಮತ್ತು ಬಿಸಿ ಒಟ್ಟಿಗೆ ತಗುಲಿದಾಗ, ನೀರಿನ ಅಣುಗಳು ಸರಪಳಿಗಳ ಪರಸ್ಪರ ಸೆಳೆತವನ್ನು ಸಡಿಲಿಸುವುದರಿಂದ, ಈ ಮಟ್ಟ ಗಣನೀಯವಾಗಿ ಕೆಳಗಿಳಿಯುತ್ತದೆ. ಹಬೆಯ ಹೆಚ್ಚುಗಾರಿಕೆ ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ಗ್ರಾಂ ಕುದಿನೀರು 30 ಡಿಗ್ರಿಗೆ ತಣಿದರೆ 70 ಕ್ಯಾಲೊರಿ ಶಾಖ ಕೊಡುತ್ತದೆ, ಅಷ್ಟೇ ಹಬೆ ಎಳೆಯ ಮೇಲೆ ಹನಿಗಟ್ಟಿದರೆ ಆ ಕ್ಷಣದಲ್ಲಿಯೇ ಸುಮಾರು 540 ಕ್ಯಾಲೊರಿ ಬಿಟ್ಟುಕೊಡುತ್ತದೆ. ಹೆಣಿಗೆಯ ತೂತುಗಳಲ್ಲಿ ನುಗ್ಗಿದ ಹಬೆಯಿಂದ ಎಳೆಗಳು ಒಳಗೂ ಹೊರಗೂ ಬೇಗನೆ ಕಾದು, ಸರಪಳಿಗಳು ಸರಿದಾಡಿ, ಬಾಗಿದ ಆಕಾರವನ್ನೇ ತಮ್ಮ ಸಹಜ ಆಕಾರವಾಗಿ ಒಪ್ಪಿಕೊಳ್ಳುತ್ತವೆ. ನೆಟ್ಟಗಾಗುವ ಹಟ ಕಳೆದುಹೋದ ಕುಣಿಕೆಗಳು ಪರಸ್ಪರ ಒತ್ತುವುದನ್ನು ಬಿಟ್ಟಾಗ ಶಾಲು ಜೋಲುತ್ತದೆ.

ವಿಚಿತ್ರವೆಂದರೆ ಈ ದಾರದ ಉಬ್ಬು ಕೂಡ ಅನೇಕ ವೇಳೆ ಹಬೆಯದೇ ಕೊಡುಗೆ. ಕಾರ್ಖಾನೆಯಲ್ಲಿ ಬಿಸಿಯಲ್ಲಿ ಎಳೆದು ಹಿಗ್ಗಿಸಿಟ್ಟ ಎಳೆಗಳನ್ನೂ ಹಾಗೆ ಹಿಗ್ಗಿಸದ ಎಳೆಗಳನ್ನೂ ಬೆರೆಸಿ ನೂತು ಹಬೆ ಹಾಯಿಸಿದರೆ, ಹಿಗ್ಗಿದ್ದವು ಕುಗ್ಗಿ ನಡುವೆ ಸೇರುತ್ತವೆ, ಉಳಿದವು ಡೊಂಕಾಗಿ ಹೊರಕ್ಕೆ ಉಬ್ಬುತ್ತವೆ. ಸಡಿಲವಾಗಿ ಬಿಟ್ಟ ದಾರವನ್ನು ಉಬ್ಬಿಸುವ ಹಬೆಯೇ ಎಳೆದು ಹಿಡಿದ ಶಾಲನ್ನು ಚಪ್ಪಟೆಯಾಗಿಸಿ, ಅದರೊಳಗಿನ ಗಾಳಿಯ ಜೊತೆಗೆ ಬೆಚ್ಚನೆಯ ಗುಣವನ್ನೂ ಒಂದಿಷ್ಟು ಒಯ್ಯುತ್ತದೆ. ಹೀಗೆ ಸತ್ವ ಕಳೆದುಕೊಂಡ ಅಕ್ರಿಲಿಕ್ಕನ್ನು ಇಂಗ್ಲಿಷ್ ಬಲ್ಲ ಹೆಣಿಗೆಗಾರರು ಕೊಂದ ದಾರವೆಂದೇ ಕರೆಯುತ್ತಾರೆ. ತಲೆಗೆ ಹಿಡಿದು ಕೂರಬೇಕಾದ ಟೋಪಿಯ ಅಂಚಿಗೆ ಕೇಡಾದ ಇದೇ ಸಾವು ಜಾಳು ಹೆಣಿಗೆಯ ಶಾಲಿಗೆ ಒಪ್ಪುತ್ತದೆ.

ಈ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಲಾಗದ ಕಾರಣ, ಅದೇ ದಾರದ ಸಣ್ಣ ತುಂಡೊಂದನ್ನು ಹೆಣೆದು ಮೊದಲು ಪರೀಕ್ಷಿಸುವುದು ರೂಢಿ. ಶಾಲನ್ನು ದಪ್ಪ ಹಾಸಿನ ಮೇಲೆ ಬೇಕಾದ ಅಳತೆಗೆ ಹರಡಿ, ತುಕ್ಕು ಹಿಡಿಯದ ಗುಂಡುಸೂಜಿಗಳಿಂದ ಅಂಚುಗಳನ್ನು ಚುಚ್ಚಿ ನಿಲ್ಲಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಎರಡು ಮೂರು ಸೆಂಟಿಮೀಟರು ಮೇಲೆಯೇ ಹಿಡಿದು ಹಬೆಯನ್ನಷ್ಟೇ ಬಿಡಬೇಕು. ಕಾದ ತಳ ತಗುಲಿದರೆ ಎಳೆಗಳು ಅಪ್ಪಚ್ಚಿಯಾಗಿ ಪ್ಲಾಸ್ಟಿಕ್ಕಿನ ಹೊಳಪು ಉಳಿದುಬಿಡುತ್ತದೆ. ಹಬೆ ಹಾಯಿಸಿದ ಮೇಲೆ ಸೂಜಿಗಳನ್ನು ಕೀಳುವ ಆತುರವೂ ಸಲ್ಲದು, ಏಕೆಂದರೆ ಸರಪಳಿಗಳು ಹೊಸ ಆಕಾರದಲ್ಲಿ ಬಿಗಿದುಕೊಳ್ಳುವುದು ತಾಪ ಇಳಿದಾಗ ಮಾತ್ರ. ಬಿಸಿಯಿರುವಾಗಲೇ ಎತ್ತಿ ಹಿಡಿದ ಶಾಲು ತನ್ನ ಭಾರಕ್ಕೆ ಉದ್ದುದ್ದ ಹಿಗ್ಗಿ, ತಣಿಯುವಾಗ ಆ ಸೊಟ್ಟ ಉದ್ದವನ್ನೇ ಉಳಿಸಿಕೊಳ್ಳುತ್ತದೆ.