ಧೈರ್ಯ: ತಪ್ಪು ಕಲ್ಪನೆ ಮತ್ತು ಸತ್ಯ

ಕೆಲವು ತಿಂಗಳ ಹಿಂದೆ ನೆರೆಮನೆಯ ಯಜಮಾನರು ತೀರಿಕೊಂಡ ದಿನ ಸಂಜೆ, ಪಡಸಾಲೆಯ ಕಂಬಕ್ಕೊರಗಿ ಕಣ್ಣೀರೂ ಬಾರದೆ ಕುಳಿತಿದ್ದ ಅವರ ಮಡದಿಯ ಬಳಿಗೆ ಹಿಂದಿನ ಬೀದಿಯ ಮುದುಕಿಯೊಬ್ಬಳು ಬಂದು, ಅವರ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡು, "ಧೈರ್ಯ ತಂದ್ಕೊಳವ್ವ, ಮಕ್ಕಳ ಮುಖ ನೋಡು" ಎಂದಳು. ಅಲ್ಲಿ ಶತ್ರುವಿರಲಿಲ್ಲ, ಖಡ್ಗವಿರಲಿಲ್ಲ, ಗೆಲ್ಲತಕ್ಕ ಯುದ್ಧವಾವುದೂ ಇರಲಿಲ್ಲ. ಆದರೂ ಆ ಮಾತು ಅಲ್ಲಿ ಸಲ್ಲದ ಮಾತೆಂದು ಯಾರಿಗೂ ತೋರಲಿಲ್ಲ. ಅಕ್ಷರವರಿಯದ ಆ ತಾಯಿ ಅದನ್ನು ಎಷ್ಟು ಶುದ್ಧವಾಗಿ ಪ್ರಯೋಗಿಸಿದಳೆಂಬುದು, ಸಭೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಈ ಶಬ್ದಕ್ಕೆ ಇಂದು ಒದಗಿರುವ ಅರ್ಥವನ್ನು ನೆನೆದಾಗ ನನಗೆ ಇನ್ನಷ್ಟು ಸ್ಪಷ್ಟವಾಗಿ ಗೋಚರಿಸಿತು.

ಭಯವೆಂಬುದನ್ನೇ ಅರಿಯದವನು ಧೀರನೆಂಬುದು ಬಹುಜನರ ನಂಬಿಕೆ. ಬೆಂಕಿಯ ಗುಣವನ್ನರಿಯದ ಕೂಸು ಕೆಂಡಕ್ಕೆ ಕೈಚಾಚಿದರೆ ಅದನ್ನು ಧೈರ್ಯವೆನ್ನುವವರುಂಟೆ? ‘ಧೈರ್ಯ’ವೆಂದರೆ ಧೀರನ ಭಾವ, ‘ಧೀರ’ ಶಬ್ದಕ್ಕಾದರೋ ಸ್ಥಿರನಾದವನು, ಪ್ರಾಜ್ಞನಾದವನು ಎಂಬ ಎರಡು ಅರ್ಥಗಳು ಸಂಸ್ಕೃತದಲ್ಲಿ ಪ್ರಸಿದ್ಧವಾಗಿವೆ. ಪ್ರಿಯವಾದುದನ್ನು ಬಿಟ್ಟು ಶ್ರೇಯಸ್ಕರವಾದುದನ್ನು ವಿವೇಚಿಸಿ ಆರಿಸಿಕೊಳ್ಳುವವನನ್ನು ಕಠೋಪನಿಷತ್ತು ಧೀರನೆಂದು ಕರೆಯುತ್ತದೆ. ಕಾಳಿದಾಸನು ಕುಮಾರಸಂಭವದ ಮೊದಲನೆಯ ಸರ್ಗದ ಕೊನೆಯಲ್ಲಿ, ತಪೋನಿರತನಾದ ಶಿವನು ಪಾರ್ವತಿಯ ಶುಶ್ರೂಷೆಗೆ ಸಮ್ಮತಿಸಿದ ಸಂದರ್ಭದಲ್ಲಿ, ಮನಸ್ಸು ಕದಡಲು ಕಾರಣವು ಎದುರಿಗೇ ಇದ್ದರೂ ಯಾರ ಮನಸ್ಸು ಕದಡದೋ ಅವರೇ ಧೀರರೆಂಬ ಅಭಿಪ್ರಾಯವನ್ನಿರಿಸಿದ್ದಾನೆ. ಕಾರಣವೇ ಇಲ್ಲದೆಡೆ ಧೈರ್ಯಕ್ಕೆ ಅವಕಾಶವೇ ಇಲ್ಲವೆಂದಾಯಿತು. ಗ್ರೀಸಿನ ಅರಿಸ್ಟಾಟಲನೂ ಇದಕ್ಕೆ ದೂರನಲ್ಲ: ಅಂಜಬೇಕಾದುದಕ್ಕೆ ಅಂಜದೆ ನುಗ್ಗುವವನನ್ನೂ, ಎಲ್ಲಕ್ಕೂ ಅಂಜುವವನನ್ನೂ ಅವನು ಎರಡು ಕಡೆಗಿಟ್ಟು, ನಡುವೆ ಧೀರನಿಗೆ ಸ್ಥಾನ ಕೊಟ್ಟನು. ನಮ್ಮ ಜನರು ಆ ಮೊದಲನೆಯವನ ಗುಣಕ್ಕೆ ‘ಹುಂಬ ಧೈರ್ಯ’ವೆಂದೂ, ನಾಚಿಕೆಗೆಟ್ಟು ನಿಲ್ಲುವವನ ಗುಣಕ್ಕೆ ‘ಭಂಡ ಧೈರ್ಯ’ವೆಂದೂ ಬೇರೆ ಬೇರೆ ಹೆಸರಿಟ್ಟಿದ್ದಾರೆ, ಹಾಗೆ ವಿಶೇಷಣವನ್ನು ಸೇರಿಸಬೇಕಾಗಿ ಬಂದುದೇ, ಬರಿಯ ‘ಧೈರ್ಯ’ವು ಅವೆರಡೂ ಅಲ್ಲವೆಂಬುದಕ್ಕೆ ಸಾಕ್ಷಿ.

ಧೈರ್ಯ, ಶೌರ್ಯ, ಸಾಹಸಗಳು ಒಂದೇ ಅರ್ಥದ ಮೂರು ಮಾತುಗಳೆಂಬುದು ಇನ್ನೊಂದು ತಪ್ಪು ಗ್ರಹಿಕೆ. ಶೌರ್ಯವು ಶೂರನದು, ಅದಕ್ಕೆ ರಣರಂಗವೋ, ಅದರಂತಹ ಇನ್ನೊಂದು ಎದುರಾಳಿತನವೋ ಬೇಕು. ಸಾಹಸದ ಕಥೆಯಂತೂ ಬಹು ಸ್ವಾರಸ್ಯವಾದುದು. ಬಲವೆಂಬ ಅರ್ಥದ ‘ಸಹಸ್’ ಶಬ್ದದಿಂದ ಹುಟ್ಟಿದ ಈ ಮಾತು ಧರ್ಮಶಾಸ್ತ್ರಗಳಲ್ಲಿ ಒಂದು ಅಪರಾಧದ ಹೆಸರು. ಮನುಸ್ಮೃತಿಯ 8ನೆಯ ಅಧ್ಯಾಯವು ಎಣಿಸುವ 18 ವ್ಯವಹಾರಪದಗಳಲ್ಲಿ, ಎಂದರೆ ನ್ಯಾಯಸ್ಥಾನಕ್ಕೆ ಬರತಕ್ಕ ವ್ಯಾಜ್ಯಗಳ ವರ್ಗಗಳಲ್ಲಿ, ಸಾಹಸವೂ ಒಂದು. ಬಲಾತ್ಕಾರದಿಂದ ಎಸಗಿದ ದುಷ್ಕೃತ್ಯವೆಂದು ಅದರ ತಾತ್ಪರ್ಯ. ಸಾಹಸವನ್ನು ಮಾಡಿದವನು ಕಳ್ಳನಿಗಿಂತಲೂ ಹೆಚ್ಚಿನ ಪಾಪಿಯೆಂದು ಅದೇ ಅಧ್ಯಾಯ ಹೇಳುತ್ತದೆ. ದಂಡದ ಪ್ರಮಾಣಗಳಿಗೂ ಅದೇ ಹೆಸರು ಅಂಟಿಕೊಂಡು, 250 ಪಣಗಳು ಪ್ರಥಮ ಸಾಹಸ, 500 ಮಧ್ಯಮ, 1000 ಉತ್ತಮ ಎಂದು ವ್ಯವಹಾರದಲ್ಲಿ ನಿಂತುವು. ಅಂತಹ ಮಾತು 10ನೆಯ ಶತಮಾನದ ಕೊನೆಯ ವೇಳೆಗೆ, ರನ್ನನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರಾಗಿ, ಕನ್ನಡದಲ್ಲಿ ಮುಕುಟವನ್ನು ಧರಿಸಿ ಕುಳಿತಿತು. ‘ದಿಟ್ಟ’ನ ಭಾಗ್ಯವೂ ಇಂತಹುದೇ. ಅದು ಸಂಸ್ಕೃತದ ‘ಧೃಷ್ಟ’ದ ತದ್ಭವ, ಅಲ್ಲಿ ಧೃಷ್ಟನಾಯಕನೆಂದರೆ ತಪ್ಪು ಮಾಡಿ ಸಿಕ್ಕಿಬಿದ್ದರೂ ಲಜ್ಜೆಯಿಲ್ಲದೆ ನಿಲ್ಲುವ ಪ್ರಣಯಿ. ಕನ್ನಡಕ್ಕೆ ಬಂದು ಸಂಸ್ಕಾರ ಹೊಂದಿ ಅವನು ಗೌರವಸ್ಥನಾದನು. ಶಬ್ದಗಳು ಹೀಗೆ ಶೀಲವನ್ನು ಗಳಿಸಿಕೊಳ್ಳುವುದನ್ನು ಕಂಡಾಗ ನನಗೆ ಸಂತೋಷವಾಗುತ್ತದೆ. ಆದರೆ ನಿಯಮವನ್ನು ಮೀರಿ ಗಾಡಿಯೋಡಿಸುವುದನ್ನೂ, ದುರ್ಬಲನನ್ನು ನೂಕುವುದನ್ನೂ ‘ಸಾಹಸ’ವೆಂದು ಹೊಗಳುವ ಎಳೆಯರನ್ನು ಕಂಡಾಗ, ಆ ಮಾತು ತನ್ನ ಹಳೆಯ ಮನೆಗೆ ಹಿಂದಿರುಗುತ್ತಿರುವುದೋ ಎಂಬ ವ್ಯಥೆಯೂ ಆಗುತ್ತದೆ.

ಕಣ್ಣು ಕೆಂಪಾಗದೆ, ಹಲ್ಲು ಕಡಿಯದೆ ವೀರನಾಗಲಾರನೆಂಬ ಭಾವನೆಯನ್ನು ಭರತಮುನಿಯೇ ನಿರಾಕರಿಸಿದ್ದಾನೆ. ನಾಟ್ಯಶಾಸ್ತ್ರದಲ್ಲಿ ಕ್ರೋಧವು ರೌದ್ರರಸದ ಸ್ಥಾಯಿಭಾವ. ವೀರರಸದ ಸ್ಥಾಯಿಭಾವವಾದರೋ ಉತ್ಸಾಹ. ವೀರವು ಯುದ್ಧದಲ್ಲಿ ಮಾತ್ರವೇ ಅಲ್ಲದೆ ದಾನದಲ್ಲಿಯೂ ಧರ್ಮದಲ್ಲಿಯೂ ಪ್ರಕಟವಾಗುವುದೆಂದು ಅಲ್ಲಿಯೇ ಹೇಳಿದೆ. ಲಾಕ್ಷಣಿಕರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತರೆಂದು ನಾಲ್ಕು ಬಗೆಯಾಗಿ ವಿಭಾಗಿಸಿದಾಗ ‘ಧೀರ’ವನ್ನು ನಾಲ್ವರಿಗೂ ಹಂಚಿದರು, ಧೀರಪ್ರಶಾಂತನ ಲಕ್ಷ್ಯವಾಗಿ ನಿಂತಿರುವ ಮೃಚ್ಛಕಟಿಕದ ಚಾರುದತ್ತನು ಆಯುಧವನ್ನೆತ್ತದ ಬಡವ, ಸುಳ್ಳು ಆರೋಪದಿಂದ ವಧ್ಯಸ್ಥಾನಕ್ಕೆ ನಡೆದುಹೋಗುವವನು.

‘ಗಂಡೆದೆ’ಯೆಂಬ ಮಾತು ನಮ್ಮಲ್ಲಿರುವುದರಿಂದ ಎದೆಗಾರಿಕೆಯು ಗಂಡಸರ ಸೊತ್ತೆಂದು ಭಾವಿಸುವವರು ಶ್ರವಣಬೆಳಗೊಳದ ಒಂದು ವೀರಗಲ್ಲನ್ನು ನೋಡಬೇಕು. 10ನೆಯ ಶತಮಾನದ ಆ ಕಲ್ಲಿನಲ್ಲಿ, ಗಂಡನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಮಡಿದ ಸಾವಿಯಬ್ಬೆಯು ಕುದುರೆಯೇರಿ, ಹಿರಿದ ಕತ್ತಿಯನ್ನೆತ್ತಿ, ಆನೆಯ ಮೇಲಿರುವ ಎದುರಾಳಿಗೆ ಅಭಿಮುಖಳಾಗಿದ್ದಾಳೆ. ವೀರಗಲ್ಲುಗಳು ರಾಜರಿಗೂ ದಂಡನಾಯಕರಿಗೂ ಮೀಸಲೆಂಬುದೂ ಸರಿಯಲ್ಲ. ಕಳ್ಳರು ಅಟ್ಟಿಕೊಂಡು ಹೋಗುತ್ತಿದ್ದ ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯರ ಕಲ್ಲುಗಳು ನಾಡಿನ ಊರೂರಲ್ಲಿವೆ. ಮಂಡ್ಯ ಸೀಮೆಯ ಆತಕೂರಿನ, 949ರ ತಕ್ಕೋಲದ ಯುದ್ಧವನ್ನು ಹೇಳುವ ಶಾಸನಶಿಲೆಯಲ್ಲಿಯೇ, ಹಂದಿಯೊಡನೆ ಹೋರಾಡಿ ಅದರೊಂದಿಗೇ ಪ್ರಾಣಬಿಟ್ಟ ಕಾಳಿಯೆಂಬ ನಾಯಿಗೂ ಸ್ಥಾನ ದೊರೆತಿದೆ. ದೊಡ್ಡ ದೊರೆಗಳ ಗೆಲವಿನ ಪಕ್ಕದಲ್ಲಿ ಒಂದು ನಾಯಿಯನ್ನು ನೆನೆದ ಆ ಜನರ ಹೃದಯಕ್ಕೆ ನಾನು ಕೈಮುಗಿಯುತ್ತೇನೆ.

ಧೈರ್ಯವು ಹುಟ್ಟಿನಿಂದಲೇ ಬರತಕ್ಕದ್ದು, ಇಲ್ಲದವನಿಗೆ ಎಂದೆಂದಿಗೂ ಇಲ್ಲವೆಂಬ ನಂಬಿಕೆಯೊಂದು ಉಳಿಯಿತು. ಎಷ್ಟೋ ಮಕ್ಕಳನ್ನು ‘ಪುಕ್ಕಲ’ರೆಂದು ಕರೆದು ಕರೆದು ಹಾಗೆಯೇ ಮಾಡಿಬಿಟ್ಟ ನಂಬಿಕೆ ಅದು. ಇದಕ್ಕೆ ಉತ್ತರವನ್ನು ನಾನು ಕಂಡದ್ದು ಗ್ರಂಥದಲ್ಲಲ್ಲ, ನಮ್ಮೂರ ಆಚಾರರ ಕೊಟ್ಟಿಗೆಯಲ್ಲಿ. ಬಾಗಿಲಿನ ಚೌಕಟ್ಟಿಗೆಂದು ತಂದ ಹಲಸಿನ ದಿಮ್ಮಿಯನ್ನು ಅವರು ಅಡ್ಡವಾಗಿ ಕೊಯ್ದಾಗ, ತೊಗಟೆಯ ಒಳಗೆ ಬೆಳ್ಳಗಿನ ಸುತ್ತೊಂದು, ಅದರೊಳಗೆ ಅರಿಸಿನದ ಬಣ್ಣದ ತಿರುಳೊಂದು ಕಾಣಿಸಿತು. "ಈ ಬಿಳೀದನ್ನ ಗೆದ್ದಲು ತಿಂದ್ಬಿಡುತ್ತೆ ಸ್ವಾಮಿ, ಕೆಲಸಕ್ಕೆ ಬರೋದು ಕೆಚ್ಚೇ" ಎಂದು ಅವರು ನಡುವಣ ಭಾಗವನ್ನು ಉಳಿಯ ಹಿಡಿಯಿಂದ ತಟ್ಟಿ ತೋರಿಸಿದರು. ನಾವು ಕೆಚ್ಚೆದೆಯೆನ್ನುವ ಮಾತಿನ ಕೆಚ್ಚು ಅದೇ. ಒಂದು ಕಾಲಕ್ಕೆ ಆ ತಿರುಳೂ ಬೇರಿನ ನೀರನ್ನು ಎಲೆಗೆ ಸಾಗಿಸುತ್ತಿದ್ದ ಬಿಳಿಯ ಮರವೇ ಆಗಿದ್ದು, ವರ್ಷ ವರ್ಷವೂ ಒಳಸುತ್ತುಗಳು ಆ ಕೆಲಸವನ್ನು ಬಿಟ್ಟು ರಾಳದಂತಹ ದ್ರವ್ಯಗಳನ್ನು ತುಂಬಿಕೊಂಡು ಗಟ್ಟಿಯಾಗುತ್ತವೆ. ಪಕ್ಕದಲ್ಲಿ ಗೋಡೆಗೊರಗಿಸಿದ್ದ, ತೋಳಿನಷ್ಟೇ ದಪ್ಪದ ಇನ್ನೊಂದು ಹಲಸಿನ ಕೊಂಬನ್ನು ತೋರಿಸಿ ಇದರಲ್ಲಿ ಎಷ್ಟು ಕೆಚ್ಚಿದ್ದೀತೆಂದು ಕೇಳಿದೆ. ಆಚಾರರು ಅದನ್ನು ಎತ್ತಿಯೂ ನೋಡದೆ, "ಎಳೇದು ಸ್ವಾಮಿ, ಇನ್ನೂ ಬಲೀಬೇಕಾಗಿತ್ತು" ಎಂದು ಗರಗಸಕ್ಕೆ ಕೈಹಾಕಿದರು.