ನಿಮಗಿದು ಗೊತ್ತೆ? ಹಳೆ ಕಾರಿಗೂ ಪವರ್ ಸ್ಟೀರಿಂಗ್!

ಹಳೆಯ ಕಾರುಗಳಲ್ಲಿ ಸ್ಟೀರಿಂಗ್ ಚಕ್ರ ದೊಡ್ಡದಾಗಿರುತ್ತಿದ್ದುದು ಅಂದಕ್ಕಲ್ಲ. ಚಕ್ರ ದೊಡ್ಡದಾದಷ್ಟೂ ತಿರುಗಿಸಲು ಬೇಕಾದ ಬಲ ಕಡಿಮೆ. ಚಕ್ರ ತಿರುಗಿಸುವ ತ್ರಾಸ ತಪ್ಪಿಸಲು ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪವರ್ ಸ್ಟೀರಿಂಗ್ ತೋರಿಸಿದ್ದರು. ಮಾರಾಟದ ಕಾರಿಗೆ ಅದು ಬಂದದ್ದು ಮಾತ್ರ 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ವಿದ್ಯುತ್ ಮೋಟರಿನ ಸ್ಟೀರಿಂಗ್ 1988ರಲ್ಲಿ ಸುಜುಕಿ ಸೆರ್ವೋ ಕಾರಿನ ಜೊತೆ ಬಂತು.

ಹಳೆ ಕಾರಿಗೆ ಜೋಡಿಸಲು ಈ ಮೋಟರೇ ಸಲೀಸು. ಅದು ಕೂರುವುದು ಡ್ಯಾಶ್‌ಬೋರ್ಡಿನ ಅಡಿ, ಸ್ಟೀರಿಂಗ್ ಕಾಲಂ ಮೇಲೆ. ಎಂಜಿನ್‌ಗೆ ಹೊಸ ಪಂಪು, ಬೆಲ್ಟು, ಎಣ್ಣೆ ಪೈಪುಗಳ ಗೊಡವೆಯಿಲ್ಲ. ಕಾರಿನಲ್ಲಿ ಹಳೆಯ ಡೈನಮೋ ಇದ್ದರೆ ಆಲ್ಟರ್ನೇಟರ್ ಹಾಕಿಸುವುದು ಒಳಿತು. ನಿಂತಲ್ಲೇ ಚಕ್ರ ತಿರುಗಿಸುವಾಗ ಮೋಟರು ಬಹಳ ಕರೆಂಟು ಎಳೆಯುತ್ತದೆ.